ಶುರು ಮಾಡಿದ್ದು ನಾವೇ, ಮುಂದೆ?

ಬೆಂಗಳೂರಿನ ಯಾವುದಾದರೂ ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತು ನೋಡಿ. ಹಸಿರು ನಂಬರ್ ಪ್ಲೇಟ್‌ಗಳು ಸಾಲಾಗಿ ಕಾಣುತ್ತವೆ. ಎಲ್ಲ ಎಲೆಕ್ಟ್ರಿಕ್ ಗಾಡಿಗಳು. ಹಸಿರಿನ ಮೇಲೆ ಬಿಳಿ ಅಕ್ಷರ ಇದ್ದರೆ ಸ್ವಂತ ಗಾಡಿ, ಹಳದಿ ಅಕ್ಷರ ಇದ್ದರೆ ಬಾಡಿಗೆಗೆ ಓಡುವ ಗಾಡಿ. 2018ರಲ್ಲಿ ಈ ನಿಯಮ ಬಂದ ಹೊಸದರಲ್ಲಿ ಅಂಥ ಪ್ಲೇಟ್ ಕಂಡರೆ ಜನ ತಿರುಗಿ ನೋಡುತ್ತಿದ್ದರು. ಈಗ ಊಟದ ಪಾರ್ಸೆಲ್ ತರುವ ಹುಡುಗನ ಸ್ಕೂಟರ್‌ನಿಂದ ಹಿಡಿದು ಬಿಎಂಟಿಸಿ ಬಸ್‌ವರೆಗೆ ಎಲ್ಲೆಲ್ಲೂ ಅದೇ ಹಸಿರು.

ನೋಡಿದರೆ ಖುಷಿಯಾಗುತ್ತದೆ. ಜೊತೆಗೆ ಒಂದು ಸಂಕಟವೂ ಇದೆ. ಪೆಟ್ರೋಲ್, ಡೀಸೆಲ್ ಬಿಟ್ಟು ಬೇರೆ ದಾರಿ ಹುಡುಕುವ ಕೆಲಸದಲ್ಲಿ ಕರ್ನಾಟಕ ದೇಶದ ಉಳಿದವರಿಗಿಂತ ಎಷ್ಟೋ ಸಲ ಮುಂದಿತ್ತು. ಎಲೆಕ್ಟ್ರಿಕ್ ಕಾರು, ಎಲೆಕ್ಟ್ರಿಕ್ ಬಸ್, ಎಲೆಕ್ಟ್ರಿಕ್ ವಾಹನ ನೀತಿ, ಮರದ ಬೀಜದಿಂದ ಡೀಸೆಲ್. ಇವೆಲ್ಲದಕ್ಕೂ ನಾವು ಬೇಗನೆ ಕೈ ಹಾಕಿದ್ದೇವೆ. ಆದರೆ ಶುರು ಮಾಡಿದ ಮೇಲೆ ಅದರ ಬೆನ್ನಿಗೆ ನಿಲ್ಲುವ ಅಭ್ಯಾಸ ನಮಗೆ ಕಡಿಮೆ. ಗಾಡಿ ತಯಾರಾಗುತ್ತದೆ, ಅದನ್ನು ಚಾರ್ಜ್ ಮಾಡುವ ಜಾಗ ಇರುವುದಿಲ್ಲ. ಮರ ನೆಡುತ್ತೇವೆ, ಬೀಜ ಕೊಳ್ಳುವವರು ಇರುವುದಿಲ್ಲ. ಈ ನಡುವಿನ ಕೊಂಡಿಯ ಬಗ್ಗೆಯೇ ನನಗೆ ಜಾಸ್ತಿ ಹೇಳಬೇಕಿದೆ.

ರೇವಾ ಕಾರನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಮೈನಿ ಗ್ರೂಪ್ 1994ರಲ್ಲಿ ಅಮೆರಿಕದ ಒಂದು ಕಂಪನಿಯ ಜೊತೆ ಸೇರಿ ಈ ಕೆಲಸಕ್ಕೆ ಇಳಿಯಿತು. ಚೇತನ್ ಮೈನಿ ಅದರ ಮುಂದಾಳು. 2001ರಲ್ಲಿ ಕಾರು ರಸ್ತೆಗೆ ಬಂತು. ಎರಡೇ ಬಾಗಿಲು, ಗೇರ್ ಇಲ್ಲ, ಸೀಟಿನ ಕೆಳಗೆ ಎಂಟು ಲೆಡ್ ಆಸಿಡ್ ಬ್ಯಾಟರಿ. ಒಂದು ಸಲ ಪೂರ್ತಿ ಚಾರ್ಜ್ ಮಾಡಿದರೆ ಹೆಚ್ಚೆಂದರೆ 80 ಕಿಲೋಮೀಟರ್. ಆಗ ಲಿಥಿಯಂ ಬ್ಯಾಟರಿಯ ಕಾರು ಮಾಮೂಲಿ ಜನರ ಕೈಗೆ ಎಟುಕುವ ಮಾತೇ ಆಗಿರಲಿಲ್ಲ. ಅಂಥ ಕಾಲದಲ್ಲಿ ಬೊಮ್ಮಸಂದ್ರದ ಫ್ಯಾಕ್ಟರಿಯಿಂದ ಎಲೆಕ್ಟ್ರಿಕ್ ಕಾರು ಹೊರಗೆ ಬರುತ್ತಿತ್ತು ಅನ್ನುವುದು ಸಣ್ಣ ವಿಷಯವಲ್ಲ.

ಆ ಕಾರಿಗೆ ಹೆಸರು ಬಂದಿದ್ದು ಮಾತ್ರ ಲಂಡನ್‌ನಲ್ಲಿ. ಅಲ್ಲಿ ಅದನ್ನು ಜಿ-ವಿಜ್ ಅಂತ ಮಾರುತ್ತಿದ್ದರು. 2003ರಲ್ಲಿ ಲಂಡನ್ ನಗರ ತನ್ನ ನಡುಭಾಗಕ್ಕೆ ಬರುವ ಗಾಡಿಗಳಿಗೆ ದಟ್ಟಣೆ ಶುಲ್ಕ ಹಾಕಿತು, ಎಲೆಕ್ಟ್ರಿಕ್ ಗಾಡಿಗಳಿಗೆ ಅದರಿಂದ ವಿನಾಯಿತಿ ಕೊಟ್ಟಿತು. ದಿನಾ ಆಫೀಸಿಗೆ ಕಾರಲ್ಲಿ ಹೋಗುವವರಿಗೆ ಲೆಕ್ಕ ಕೂತಿತು. ಒಂದು ನಗರದ ಒಂದು ನಿಯಮ ನಮ್ಮ ಊರಿನ ಕಾರಿಗೆ ಏಳು ಸಮುದ್ರದಾಚೆ ಗಿರಾಕಿಗಳನ್ನು ತಂದಿತ್ತು. ಇಲ್ಲಿ ಅದನ್ನು ಕೊಂಡವರು ಸ್ವಂತ ಮನೆ, ಸ್ವಂತ ಗೇಟು, ಗೇಟಿನ ಒಳಗೆ ಪ್ಲಗ್ ಪಾಯಿಂಟ್ ಇದ್ದವರು ಮಾತ್ರ. 2010ರಲ್ಲಿ ಕಂಪನಿ ಮಹೀಂದ್ರಾ ಕೈಗೆ ಹೋಯಿತು. ಮೈನಿ ಆಮೇಲೆ ಸನ್ ಮೊಬಿಲಿಟಿ ಕಟ್ಟಿದರು. ಖಾಲಿಯಾದ ಬ್ಯಾಟರಿ ಕೊಟ್ಟು ತುಂಬಿದ ಬ್ಯಾಟರಿ ತೆಗೆದುಕೊಂಡು ಹೋಗುವ ವ್ಯವಸ್ಥೆ ಅದು. ಮೊದಲು ಗಾಡಿ ಮಾಡಿದ ಮನುಷ್ಯ ಆಮೇಲೆ ಚಾರ್ಜ್ ಮಾಡುವ ಸಮಸ್ಯೆಗೇ ಬಂದು ನಿಂತರು. ಕಷ್ಟ ಎಲ್ಲಿದೆ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

2017ರಲ್ಲಿ ಕರ್ನಾಟಕ ಎಲೆಕ್ಟ್ರಿಕ್ ವಾಹನಗಳಿಗಾಗಿ ಒಂದು ನೀತಿ ತಂದಿತು. ದೇಶದಲ್ಲಿ ಇಂಥ ನೀತಿ ತಂದ ಮೊದಲ ರಾಜ್ಯ ನಮ್ಮದು. ಚಾರ್ಜಿಂಗ್ ಕೇಂದ್ರಗಳ ಹೊಣೆಯನ್ನು ಕರೆಂಟು ಹಂಚುವ ಬೆಸ್ಕಾಂಗೆ ಕೊಟ್ಟರು. ಅದು ಒಳ್ಳೆಯ ನಿರ್ಧಾರ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಎಲ್ಲಿವೆ ಅಂತ ಗೊತ್ತಿರುವವರೇ ಆ ಕೆಲಸ ಮಾಡಬೇಕಲ್ವಾ. ಆದರೆ ಫ್ಯಾಕ್ಟರಿಗಳ ವಿಷಯದಲ್ಲಿ ನಡೆದದ್ದೇ ಬೇರೆ. ಏಥರ್ ಬೆಂಗಳೂರಿನ ಕಂಪನಿ, ಅದರ ಸ್ಕೂಟರ್ ತಯಾರಾಗುವುದು ಹೊಸೂರಿನಲ್ಲಿ. ಓಲಾ ಎಲೆಕ್ಟ್ರಿಕ್ ಕೂಡ ಬೆಂಗಳೂರಿನದೇ, ಅದರ ದೊಡ್ಡ ಫ್ಯಾಕ್ಟರಿ ಇರುವುದು ಕೃಷ್ಣಗಿರಿ ಜಿಲ್ಲೆಯಲ್ಲಿ. ಎರಡೂ ತಮಿಳುನಾಡು. ಗಡಿಯ ಅತ್ತಿಬೆಲೆ ದಾಟಿದರೆ ಆ ರಾಜ್ಯ ಶುರು. ಯೋಚನೆ, ವಿನ್ಯಾಸ, ಸಾಫ್ಟ್‌ವೇರ್ ಎಲ್ಲ ಇಲ್ಲಿ. ಐಟಿಐ ಓದಿದ ಹುಡುಗ ಹುಡುಗಿಯರಿಗೆ ಸಿಗುವ ಕೆಲಸ ಅಲ್ಲಿ. ತಮಿಳುನಾಡಿನ ಮೇಲೆ ನನಗೆ ಬೇಸರವಿಲ್ಲ, ಅವರು ಜಾಗ, ನೀರು, ಕರೆಂಟು ಹೊಂದಿಸಿ ಕರೆದರು. ನಾವು ಹಾಗೆ ಕರೆಯಲಿಲ್ಲ ಅನ್ನುವುದು ನನ್ನ ನೋವು.

ಏಥರ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅವರು ತಮ್ಮ ಸ್ಕೂಟರ್‌ಗೆ ಮಾಡಿಕೊಂಡಿದ್ದ ಚಾರ್ಜಿಂಗ್ ಕನೆಕ್ಟರ್ ಅನ್ನು ಬೇರೆ ಕಂಪನಿಗಳಿಗೂ ಬಿಟ್ಟುಕೊಟ್ಟರು. 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಹಗುರ ವಾಹನಗಳಿಗೆ ಅದೇ ವಿನ್ಯಾಸದ ಮಾನಕಕ್ಕೆ ಒಪ್ಪಿಗೆ ಕೊಟ್ಟಿತು. ಎಲ್ಲ ಸ್ಕೂಟರ್‌ಗಳಿಗೂ ಒಂದೇ ಮೂತಿಯ ಚಾರ್ಜರ್ ಇದ್ದರೆ ಸಣ್ಣ ಊರಿನ ಹೋಟೆಲಿನವನು ಕೂಡ ಧೈರ್ಯವಾಗಿ ಒಂದನ್ನು ಹಾಕಿಸಬಹುದು. ಕಂಪನಿಗೊಂದು ಮೂತಿ ಇದ್ದರೆ ಯಾರಿಗೆ ಅಂತ ಹಾಕಿಸುತ್ತಾನೆ?

ಬಸ್ಸಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಮಟ್ಟಿಗೆ ಇಡೀ ವಿಷಯದ ಎದೆ ಇರುವುದು ಅಲ್ಲೇ. 2014ರ ಆರಂಭದಲ್ಲಿ ಬಿಎಂಟಿಸಿ ಚೀನಾದ ಬಿವೈಡಿ ಕಂಪನಿಯ ಎಲೆಕ್ಟ್ರಿಕ್ ಬಸ್ಸೊಂದನ್ನು ತಂದು ಪ್ರಯೋಗಕ್ಕೆ ಓಡಿಸಿತು. ದೇಶಕ್ಕೇ ಹೊಸದು. ಜನ ಹತ್ತಿದರು, ಬಸ್ ಚೆನ್ನಾಗಿಯೇ ಓಡಿತು. ಆದರೆ ಬೆಲೆ ಜಾಸ್ತಿ. ಕೊಂಡುಕೊಳ್ಳುವುದಾ, ಗುತ್ತಿಗೆಗೆ ತೆಗೆದುಕೊಳ್ಳುವುದಾ ಅನ್ನುವ ಚರ್ಚೆಯಲ್ಲೇ ವರ್ಷಗಳು ಕಳೆದವು. ಕೊನೆಗೆ ಹಸಿರು ಪ್ಲೇಟಿನ ಬಿಎಂಟಿಸಿ ಬಸ್ ಬಂದದ್ದು 2021ರ ಡಿಸೆಂಬರ್‌ನಲ್ಲಿ. ಈಗ ಅಂಥ ಬಸ್‌ಗಳು ಸಾವಿರಕ್ಕೂ ಹೆಚ್ಚು ಓಡುತ್ತಿವೆ. ಕೆಎಸ್‌ಆರ್‌ಟಿಸಿ ಕೂಡ 2023ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಎಲೆಕ್ಟ್ರಿಕ್ ಬಸ್ ಬಿಟ್ಟಿತು.

ಬೆಂಗಳೂರಿನ ಟ್ರಾಫಿಕ್‌ನಲ್ಲಿ ಡೀಸೆಲ್ ಬಸ್ ಹೇಗಿರುತ್ತದೆ ಅಂತ ನಿಂತು ಹೋಗುವವರಿಗೆ ಗೊತ್ತು. ನಿಂತಲ್ಲೇ ಗಡಗಡ ಅಲುಗುತ್ತದೆ. ಕಿಟಕಿ ಗಾಜು, ಸೀಟಿನ ಕಂಬಿ, ಕೈಯಲ್ಲಿರುವ ಫೋನ್ ಎಲ್ಲ ನಡುಗುತ್ತವೆ. ಮುಂದೆ ಹೋಗದಿದ್ದರೂ ಡೀಸೆಲ್ ಸುಡುತ್ತಲೇ ಇರುತ್ತದೆ. ಎಲೆಕ್ಟ್ರಿಕ್ ಬಸ್ ನಿಂತಾಗ ಮೋಟಾರ್ ಕೂಡ ನಿಲ್ಲುತ್ತದೆ. ಹೊಸದಾಗಿ ಹತ್ತಿದವರು ಬಸ್ ಆಫ್ ಆಯ್ತಾ ಅಂತ ಡ್ರೈವರ್ ಕಡೆ ನೋಡುತ್ತಾರೆ. ಡ್ರೈವರ್ ಆಕ್ಸಿಲರೇಟರ್ ಮೇಲಿಂದ ಕಾಲು ಎತ್ತಿದ ಕೂಡಲೇ ಅದೇ ಮೋಟಾರ್ ಡೈನಮೊ ಆಗಿ ಓಟದ ಶಕ್ತಿಯ ಒಂದಿಷ್ಟನ್ನು ಬ್ಯಾಟರಿಗೆ ವಾಪಸ್ ತುಂಬುತ್ತದೆ. ಡೀಸೆಲ್ ಬಸ್ ಬ್ರೇಕ್ ಹಾಕಿದಾಗಲೆಲ್ಲ ಆ ಶಕ್ತಿ ಬರೀ ಬಿಸಿಯಾಗಿ ಹೋಗುತ್ತದೆ. ಹೆಜ್ಜೆಗೊಂದು ಸ್ಟಾಪ್ ಇರುವ ನಗರದ ರೂಟಿಗೆ ಇದಕ್ಕಿಂತ ಹೊಂದುವ ಗಾಡಿ ಇಲ್ಲ.

ಲೆಕ್ಕವೂ ಸುಲಭ. ನಗರದ ಬಸ್ ದಿನಕ್ಕೆ ಸುಮಾರು 200 ಕಿಲೋಮೀಟರ್ ಓಡುತ್ತದೆ. ಡೀಸೆಲ್ ಆದರೆ ಲೀಟರಿಗೆ ನಾಲ್ಕೋ ಐದೋ ಕಿಲೋಮೀಟರ್. ಅಂದರೆ ಒಂದು ಬಸ್ಸಿಗೆ ದಿನಕ್ಕೆ 40ರಿಂದ 50 ಲೀಟರ್. ಎಲೆಕ್ಟ್ರಿಕ್ ಬಸ್ ಕಿಲೋಮೀಟರಿಗೆ ಒಂದು ಯೂನಿಟ್, ಸ್ವಲ್ಪ ಮೇಲೆ ತಿನ್ನುತ್ತದೆ. ಒಂದು ಸ್ವಂತ ಕಾರು ಎಲೆಕ್ಟ್ರಿಕ್ ಆದರೆ ಉಳಿಯುವ ಎಣ್ಣೆ ಇದರ ಮುಂದೆ ಏನೂ ಅಲ್ಲ. ಹಾಗಾಗಿ ಸರ್ಕಾರದ ಹಣ ಮೊದಲು ಬಸ್ಸಿಗೆ ಹೋಗಬೇಕು ಅಂತ ನಾನು ಹಟ ಹಿಡಿಯುತ್ತೇನೆ. 2024ರಲ್ಲಿ ರಾಜ್ಯ ಸರ್ಕಾರ 25 ಲಕ್ಷ ರೂಪಾಯಿಗಿಂತ ಹೆಚ್ಚಿನ ಬೆಲೆಯ ಎಲೆಕ್ಟ್ರಿಕ್ ಕಾರುಗಳಿಗೆ ಶೇ 10ರಷ್ಟು ಜೀವಿತಾವಧಿ ತೆರಿಗೆ ಹಾಕಿದಾಗ ಬೈದವರು ತುಂಬ ಜನ. ನನಗೆ ಅದು ಸರಿ ಅನಿಸಿತು. ಅಷ್ಟು ದುಡ್ಡು ಕೊಟ್ಟು ಕಾರು ಕೊಳ್ಳುವವರಿಗೆ ಬಸ್ ಪ್ರಯಾಣಿಕರ ತೆರಿಗೆಯಿಂದ ರಿಯಾಯಿತಿ ಯಾಕೆ ಬೇಕು?

ಬಸ್ಸಿನಲ್ಲೂ ಒಂದು ಕೊಂಡಿ ಸಡಿಲ ಇದೆ. ಈ ಬಸ್‌ಗಳಲ್ಲಿ ಹೆಚ್ಚಿನವು ನಿಗಮದ ಸ್ವಂತದ್ದಲ್ಲ. ಕಂಪನಿ ಬಸ್ ಮತ್ತು ಡ್ರೈವರ್ ಕೊಡುತ್ತದೆ, ನಿಗಮ ಕಂಡಕ್ಟರ್ ಕೊಟ್ಟು ಕಿಲೋಮೀಟರ್ ಲೆಕ್ಕದಲ್ಲಿ ಹಣ ಕಟ್ಟುತ್ತದೆ. ಒಂದೇ ಬಸ್ಸಿನಲ್ಲಿ ಇಬ್ಬರಿಗೆ ಎರಡು ಥರದ ನೌಕರಿ. ಸಂಬಳ ಮತ್ತು ಕೆಲಸದ ಹೊತ್ತಿನ ವಿಚಾರಕ್ಕೆ ಗುತ್ತಿಗೆ ಡ್ರೈವರ್‌ಗಳು ಸ್ಟ್ರೈಕ್ ಮಾಡಿದ್ದೂ ಇದೆ. ಬ್ಯಾಟರಿ ಎಷ್ಟೇ ಒಳ್ಳೆಯದಿರಲಿ, ಸ್ಟಿಯರಿಂಗ್ ಹಿಡಿದವನಿಗೆ ನಾಳೆಯ ಭರವಸೆ ಇಲ್ಲದಿದ್ದರೆ ಬಸ್ ಸರಿಯಾಗಿ ಓಡುವುದಿಲ್ಲ.

ಚಾರ್ಜಿಂಗ್ ವಿಷಯಕ್ಕೆ ಬರುತ್ತೇನೆ. ನಾವಿದ್ದ ಹಳೆಯ ಅಪಾರ್ಟ್‌ಮೆಂಟ್‌ನಲ್ಲಿ ಪಾರ್ಕಿಂಗ್ ಜಾಗದಲ್ಲಿ ಒಂದು ಪ್ಲಗ್ ಪಾಯಿಂಟ್ ಹಾಕಿಸಿಕೊಳ್ಳಲು ಸಂಘ ಒಪ್ಪಲೇ ಇಲ್ಲ. ಲೋಡ್ ಜಾಸ್ತಿ ಆಗುತ್ತದೆ, ಬೆಂಕಿ ಹತ್ತುತ್ತದೆ, ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ. ಇವೇ ಕಾರಣಗಳು. ಮೂರನೇ ಮಹಡಿಯಿಂದ ವೈರ್ ಇಳಿಬಿಟ್ಟು ಚಾರ್ಜ್ ಮಾಡುತ್ತಿದ್ದವರೂ ಇದ್ದರು. ನಿಜಕ್ಕೂ ಅಪಾಯ ಇರುವುದು ಅದರಲ್ಲಿ. ಸ್ಕೂಟರಿನ ಮಾಮೂಲಿ ಚಾರ್ಜರ್ ಒಂದು ಕಿಲೋವ್ಯಾಟ್ ಕೂಡ ಎಳೆಯುವುದಿಲ್ಲ. ಬೆಳಗ್ಗೆ ಮನೆ ಮನೆಯಲ್ಲೂ ಹಾಕುವ ಗೀಸರ್ ಅದರ ಎರಡು ಪಟ್ಟು ಎಳೆಯುತ್ತದೆ. ಗಟ್ಟಿ ಅರ್ಥಿಂಗ್ ಇರುವ 15 ಆಂಪ್ ಸಾಕೆಟ್, ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಒಂದು ಎಂಸಿಬಿ, ಒಂದು ಸಬ್ ಮೀಟರ್. ಇಷ್ಟಿದ್ದರೆ ಮುಗಿಯಿತು. 2022ರ ಬೇಸಿಗೆಯಲ್ಲಿ ದೇಶದ ಅಲ್ಲಲ್ಲಿ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದಾಗ ಜನರಿಗೆ ಭಯ ಆದದ್ದು ಸಹಜ. ಅದರ ನಂತರ ಕೇಂದ್ರ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿ ಮಾಡಿತು. ಆದರೆ ಆ ಸುದ್ದಿ ಸಂಘದ ಸಭೆಗಳನ್ನು ತಲುಪಲಿಲ್ಲ. ಬೆಂಕಿಯ ವಿಡಿಯೊ ಮಾತ್ರ ತಲುಪಿತು.

ಬೆಂಗಳೂರಲ್ಲೇ ಇಷ್ಟು ಕಷ್ಟ ಇದ್ದರೆ ಹಳ್ಳಿಯಲ್ಲಿ ಹೇಗೆ ಅಂತ ಕೇಳುತ್ತಾರೆ. ಹಳ್ಳಿಯಲ್ಲೇ ಸುಲಭ ಅಂತೀನಿ ನಾನು. ಹಟ್ಟಿ ಮುಂದೆ, ಜಗಲಿ ಪಕ್ಕ ಗಾಡಿ ನಿಲ್ಲುತ್ತದೆ, ಸ್ವಿಚ್ ಬೋರ್ಡ್ ಕೈಗೆ ಸಿಗುವ ದೂರದಲ್ಲಿರುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ ಲೈನ್ ಬೇರೆ, ಮನೆ ಲೈನ್ ಬೇರೆ ಮಾಡಿದ್ದು ಇಲ್ಲಿ ಎಷ್ಟು ಉಪಕಾರಕ್ಕೆ ಬಂತು ನೋಡಿ. ಅದು ಎಲೆಕ್ಟ್ರಿಕ್ ಗಾಡಿಗೆ ಅಂತ ಮಾಡಿದ ಕೆಲಸ ಅಲ್ಲ. ಮಕ್ಕಳು ರಾತ್ರಿ ಓದಲಿ, ಹಿಟ್ಟಿನ ಗಿರಣಿ ಓಡಲಿ ಅಂತ ಮಾಡಿದ್ದು. ಆ ತಂತಿಯಲ್ಲೇ ಇವತ್ತು ಸ್ಕೂಟರ್ ಚಾರ್ಜ್ ಆಗುತ್ತದೆ. ಹಳ್ಳಿಯ ತೊಂದರೆ ರಿಪೇರಿಯದು. ಕಾರ್ಬುರೇಟರ್ ಬಿಚ್ಚಿ ಕಣ್ಣು ಮುಚ್ಚಿಕೊಂಡು ಜೋಡಿಸುವ ಮೆಕ್ಯಾನಿಕ್ ಪ್ರತಿ ಹೋಬಳಿಯಲ್ಲೂ ಇದ್ದಾನೆ. ಎಲೆಕ್ಟ್ರಿಕ್ ಗಾಡಿಯ ಮೋಟಾರ್ ನಡೆಸುವ ಕಂಟ್ರೋಲರ್ ಕೆಟ್ಟರೆ ಅವನು ಏನು ಮಾಡಬೇಕು? ಗಾಡಿಯನ್ನು ಟೆಂಪೊದಲ್ಲಿ ಹಾಕಿಕೊಂಡು ಜಿಲ್ಲಾ ಕೇಂದ್ರಕ್ಕೆ ಹೋಗಬೇಕು, ಅಲ್ಲಿ ಪಾರ್ಟ್ ಬರುವ ತನಕ ಕಾಯಬೇಕು. ಒಬ್ಬರಿಗೆ ಹಾಗಾದರೆ ಸಾಕು, ಇಡೀ ಊರು ಪೆಟ್ರೋಲ್ ಗಾಡಿಯೇ ವಾಸಿ ಅನ್ನುತ್ತದೆ. ಸಬ್ಸಿಡಿಯ ಸಣ್ಣದೊಂದು ಪಾಲನ್ನು ಈ ಮೆಕ್ಯಾನಿಕ್‌ಗಳ ತರಬೇತಿಗೆ ಹಾಕಿದರೆ ಬರುವ ಫಲ ಯಾವ ಜಾಹೀರಾತಿನಿಂದಲೂ ಬರುವುದಿಲ್ಲ.

ಸಬ್ಸಿಡಿ ಅಂದ ಮೇಲೆ ಅದರ ಹೊಯ್ದಾಟವನ್ನೂ ಹೇಳಬೇಕು. 2023ರ ಜೂನ್ 1ರಿಂದ ಕೇಂದ್ರ ಸರ್ಕಾರ ಎಲೆಕ್ಟ್ರಿಕ್ ಗಾಡಿಗಳಿಗೆ ನೆರವು ಕೊಡುವ ಫೇಮ್ ಯೋಜನೆಯಲ್ಲಿ ಸ್ಕೂಟರ್‌ಗಳ ಸಹಾಯಧನದ ಮಿತಿಯನ್ನು ಬೆಲೆಯ ಶೇ 40ರಿಂದ ಶೇ 15ಕ್ಕೆ ಇಳಿಸಿತು. ರಾತ್ರಿ ಬೆಳಗಾಗುವುದರಲ್ಲಿ ಸ್ಕೂಟರ್ ತುಟ್ಟಿ. ನಮ್ಮ ರಾಜ್ಯ 2021ರಲ್ಲಿ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿಗೆ ಒಪ್ಪಿಗೆ ಕೊಟ್ಟು 2024ರಲ್ಲಿ ವಾಪಸ್ ತೆಗೆದುಕೊಂಡಿತು. ಸಾಲ ಮಾಡಿ ಗಾಡಿ ಕೊಂಡವರ ಕಂತು ಮಾತ್ರ ವಾಪಸ್ ಹೋಗಲಿಲ್ಲ. ಕಡಿಮೆ ಕೊಟ್ಟರೂ ಪರವಾಗಿಲ್ಲ, ಐದು ವರ್ಷ ಇಷ್ಟೇ ಅಂತ ಹೇಳಿ ಹಾಗೇ ನಡೆದುಕೊಳ್ಳಲಿ.

ಕರೆಂಟು ಎಲ್ಲಿಂದ ಬರುತ್ತದೆ, ಕಲ್ಲಿದ್ದಲು ಸುಟ್ಟು ತಾನೇ ಅನ್ನುವ ಪ್ರಶ್ನೆ ಯಾವಾಗಲೂ ಬರುತ್ತದೆ. ನ್ಯಾಯವಾದ ಪ್ರಶ್ನೆ. ರಾಯಚೂರಿನಲ್ಲಿ ಈಗಲೂ ಕಲ್ಲಿದ್ದಲು ಉರಿಯುತ್ತಿದೆ. ಆದರೆ ನಮ್ಮದು 1902ರಲ್ಲೇ ಶಿವನಸಮುದ್ರದ ನೀರಿನಿಂದ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ ನಾಡು. ಶರಾವತಿ ಇದೆ, ಚಿತ್ರದುರ್ಗ ಗದಗ ಕಡೆ ಗಾಳಿ ಯಂತ್ರಗಳಿವೆ, ಪಾವಗಡದಲ್ಲಿ ಸೋಲಾರ್ ಪಾರ್ಕ್ ಇದೆ. ಪಾವಗಡದ್ದು 2,050 ಮೆಗಾವಾಟ್, ಸುಮಾರು 13,000 ಎಕರೆ. ಅಲ್ಲಿ ಜಮೀನನ್ನು ಕೊಂಡುಕೊಳ್ಳಲಿಲ್ಲ. ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರು ಮಾಡಿ, ಎರಡು ವರ್ಷಕ್ಕೊಮ್ಮೆ ಏರಿಸುವ ಗುತ್ತಿಗೆಗೆ ತೆಗೆದುಕೊಂಡರು. ಬರದ ತಾಲ್ಲೂಕಿನಲ್ಲಿ ಭೂಮಿ ಇದ್ದವರಿಗೆ ಅದು ಆಸರೆಯಾಯಿತು. ಅದೇ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಆಗಲಿಲ್ಲ. ಮುಂದಿನ ಪಾರ್ಕ್ ಮಾಡುವಾಗ ಅವರ ಪಾಲನ್ನು ಮೊದಲೇ ಬರೆಯಬೇಕು.

ಈ ಪಾವಗಡದ ಎಕರೆಯ ಪಕ್ಕ ಕಬ್ಬಿನ ಎಕರೆಯನ್ನು ಇಟ್ಟು ಒಂದು ಲೆಕ್ಕ ಹಾಕಿದೆ. ಎಕರೆಗೆ 40 ಟನ್ ಕಬ್ಬು ಅಂತ ಹಿಡಿಯೋಣ. ರಸವನ್ನೆಲ್ಲ ಎಥೆನಾಲ್, ಅಂದರೆ ಪೆಟ್ರೋಲಿಗೆ ಬೆರೆಸುವ ಮದ್ಯಸಾರ, ಮಾಡಿದರೆ ಟನ್ನಿಗೆ ಸುಮಾರು 70 ಲೀಟರ್, ಒಟ್ಟು 2,800 ಲೀಟರ್. ಎಥೆನಾಲ್‌ನಲ್ಲಿ ಪೆಟ್ರೋಲ್‌ನ ಮೂರನೇ ಎರಡರಷ್ಟು ಮಾತ್ರ ಶಕ್ತಿ. ಲೀಟರ್ ಪೆಟ್ರೋಲಿಗೆ 15 ಕಿಲೋಮೀಟರ್ ಕೊಡುವ ಕಾರು ಅದರಲ್ಲಿ 28,000 ಕಿಲೋಮೀಟರ್ ಓಡಬಹುದು. ಅದೇ ಒಂದು ಎಕರೆ ಸೋಲಾರ್ ವರ್ಷಕ್ಕೆ ಸುಮಾರು 3 ಲಕ್ಷ ಯೂನಿಟ್ ಕೊಡುತ್ತದೆ. ಯೂನಿಟ್ಟಿಗೆ 6 ಕಿಲೋಮೀಟರ್ ಅಂದರೂ 18 ಲಕ್ಷ ಕಿಲೋಮೀಟರ್. ದಾರಿಯಲ್ಲಿ, ಚಾರ್ಜಿಂಗ್‌ನಲ್ಲಿ ಒಂದಷ್ಟು ಸೋರಿತು ಅಂತ ಕಳೆದರೂ ಐವತ್ತು ಪಟ್ಟಿನ ಅಂತರ ಉಳಿಯುತ್ತದೆ. ಅದೂ ಕಾಲುವೆ ನೀರಿಲ್ಲದ ಭೂಮಿಯಲ್ಲಿ.

ಇದನ್ನು ಹೇಳಿದರೆ ಕಬ್ಬು ಬೆಳೆಯುವವರ ವಿರುದ್ಧ ಅಂತ ತಿಳಿಯಬೇಡಿ. 2023ರ ಫೆಬ್ರವರಿಯಲ್ಲಿ ಶೇ 20 ಎಥೆನಾಲ್ ಬೆರೆತ ಪೆಟ್ರೋಲ್‌ಗೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮಂಡ್ಯದ ರೈತರಿಗೆ ಎಥೆನಾಲ್‌ನಿಂದ ಲಾಭ ಆಗಬೇಕು. ಸಕ್ಕರೆಗಿಂತ ಬೇಗ ದುಡ್ಡು ಬರುವುದರಿಂದ ಕಾರ್ಖಾನೆ ಬಾಕಿ ತೀರಿಸುವುದು ಸುಲಭ. ಸಕ್ಕರೆ ಮಾಡಿ ಉಳಿಯುವ ಕಾಕಂಬಿಯಿಂದ, ಕೆಟ್ಟ ಧಾನ್ಯದಿಂದ ಎಥೆನಾಲ್ ತೆಗೆದರೆ ನನ್ನ ತಕರಾರಿಲ್ಲ. ಆದರೆ ಕಾರಿನ ಟ್ಯಾಂಕ್ ತುಂಬಿಸಲಿಕ್ಕೆ ಅಂತಲೇ ಹೊಸದಾಗಿ ಕಬ್ಬು ಹಾಕಿ ಕಾವೇರಿ, ಘಟಪ್ರಭೆಯ ನೀರು ಕುಡಿಸುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಬೀಜದಿಂದ ಡೀಸೆಲ್ ಕೊಡುವ ಹೊಂಗೆ. ನೀರು ಕೇಳದ, ಆಡು ಮುಟ್ಟದ, ಬದುವಿನಲ್ಲಿ ತಾನಾಗಿ ನಿಲ್ಲುವ ಮರ. 1900ರ ಪ್ಯಾರಿಸ್ ಮೇಳದಲ್ಲೇ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಹಳ್ಳಿಯ ಜನರೇಟರ್ ಓಡಿಸಬಹುದು ಅಂತ ತೋರಿಸಿದರು. 2009ರಲ್ಲಿ ರಾಜ್ಯ ತನ್ನದೇ ಜೈವಿಕ ಇಂಧನ ನೀತಿ ತಂದಿತು. ಹಾಸನದ ಬಳಿ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಆಯಿತು. ಸರ್ಕಾರಿ ಜಾಗದಲ್ಲಿ ನೆಡಲು ಹಸಿರು ಹೊನ್ನು, ರೈತರ ಬೀಳು ಭೂಮಿಯಲ್ಲಿ ನೆಡಲು ಬರಡು ಬಂಗಾರ ಅಂತ ಕಾರ್ಯಕ್ರಮಗಳು ಬಂದವು. ದೇಶದ ಬೇರೆ ಕಡೆ ಎಲ್ಲರೂ ಹೊರಗಿನಿಂದ ಬಂದ ಜಟ್ರೋಫಾ ಎಣ್ಣೆಬೀಜದ ಗಿಡದ ಹಿಂದೆ ಓಡಿ ಕೈ ಸುಟ್ಟುಕೊಂಡರು. ನಮ್ಮಲ್ಲಿ ಹೊಂಗೆ, ಬೇವು, ಹಿಪ್ಪೆ, ಸುರಹೊನ್ನೆ ಅಂತ ಊರಿನ ಮರಗಳನ್ನೇ ಆರಿಸಿದ್ದು ಬಹಳ ಬುದ್ಧಿವಂತಿಕೆ.

ಕೆಲಸ ಹೀಗೆ. ಬೇಸಿಗೆ ಹತ್ತಿರ ಬಂದಂತೆ ಹೊಂಗೆ ಕಾಯಿ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಉದುರಿದ್ದನ್ನು ಗುಡಿಸಿ ಹರವಿ ಕೋಲಿನಿಂದ ಬಡಿಯಬೇಕು. ಸಿಪ್ಪೆ ಸೀಳಿ ಸಾಮಾನ್ಯವಾಗಿ ಒಂದೇ ಒಂದು ಬೀಜ ಹೊರಗೆ ಬರುತ್ತದೆ, ಚಪ್ಪಟೆ, ಕೆಂಪು ಮಿಶ್ರಿತ ಕಂದು. ಬೊಗಸೆಯಷ್ಟು ಬೀಜಕ್ಕೆ ಎಷ್ಟು ಹೊತ್ತು ಬಡಿಯಬೇಕು ಅಂತ ಬಡಿದವರಿಗೇ ಗೊತ್ತು. ಈ ಕೆಲಸ ಮಾಡುವವರು ಹೆಚ್ಚಾಗಿ ವಯಸ್ಸಾದ ಹೆಂಗಸರು. ಗಾಣಕ್ಕೆ ಹಾಕಿದರೆ ನಾಲ್ಕು ಕಿಲೋ ಬೀಜಕ್ಕೆ ಒಂದು ಲೀಟರ್ ಎಣ್ಣೆ. ಉಳಿಯುವ ಹಿಂಡಿ ಒಳ್ಳೆಯ ಗೊಬ್ಬರ. ಎಣ್ಣೆ ಮಂದ ಇರುವುದರಿಂದ ಹಾಗೇ ಹಾಕಿದರೆ ಎಂಜಿನ್ನಿಗೆ ಎಣ್ಣೆ ಚಿಮ್ಮಿಸುವ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ. ಅದನ್ನು 60 ಡಿಗ್ರಿಯ ಹತ್ತಿರ ಬಿಸಿ ಮಾಡಿ, ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಹಾಕಿ ಕಲಕಿ ಬಿಟ್ಟರೆ ಗ್ಲಿಸರಿನ್ ಕಪ್ಪಗೆ ತಳಕ್ಕೆ ಇಳಿಯುತ್ತದೆ, ಮೇಲೆ ತಿಳಿಯಾಗಿ ಬಯೋಡೀಸೆಲ್ ನಿಲ್ಲುತ್ತದೆ. ಗ್ಲಿಸರಿನ್ ಸೋಪಿಗೆ ಆಗುತ್ತದೆ. ಏನೂ ವ್ಯರ್ಥವಿಲ್ಲ.

ಹಾಗಾದರೆ ಈ ಕೆಲಸ ಯಾಕೆ ನಿಂತಿತು? ಬೀಜಕ್ಕೆ ಬೆಲೆ ಸಿಗಲಿಲ್ಲ. ಆರಿಸಿ, ಬಡಿದು, ಚೀಲ ತುಂಬಿ, ದೂರದ ಮಿಲ್ಲಿಗೆ ಹೊತ್ತರೆ ಅವತ್ತಿನ ಕೂಲಿ ಹುಟ್ಟುತ್ತಿರಲಿಲ್ಲ. ಸೋಪು, ಚರ್ಮ, ಕೀಟನಾಶಕದವರು ಹೊಂಗೆ ಎಣ್ಣೆಗೆ ಡೀಸೆಲ್‌ಗಿಂತ ಜಾಸ್ತಿ ಕೊಡುತ್ತಿದ್ದರು. 2014ರ ನಂತರ ಕಚ್ಚಾ ತೈಲದ ಬೆಲೆ ಬಿದ್ದಾಗ ಬಯೋಡೀಸೆಲ್ ಬಗ್ಗೆ ಮಾತಾಡುವವರೇ ಕಡಿಮೆಯಾದರು. ಮರ ಮಾತ್ರ ತನ್ನ ಪಾಡಿಗೆ ಬೆಳೆಯಿತು. ಬರಡು ಬಂಗಾರದ ಕಾಲದಲ್ಲಿ ನೆಟ್ಟು ಉಳಿದುಕೊಂಡ ಗಿಡಗಳು ಈಗ ತುಂಬು ಫಸಲಿನ ವಯಸ್ಸಿಗೆ ಬಂದಿವೆ.

ಟ್ರ್ಯಾಕ್ಟರ್, ಕಟಾವು ಯಂತ್ರ, ಲಾರಿ ಇವೆಲ್ಲ ನಾಳೆಯೇ ಬ್ಯಾಟರಿಗೆ ಬದಲಾಗುವುದಿಲ್ಲ. ಇನ್ನೂ ಬಹಳ ವರ್ಷ ಅವು ಡೀಸೆಲ್ ಕುಡಿಯುತ್ತವೆ. ಕೇಂದ್ರದ ಜೈವಿಕ ಇಂಧನ ನೀತಿಯಲ್ಲೇ 2030ಕ್ಕೆ ಡೀಸೆಲ್‌ನಲ್ಲಿ ಶೇ 5 ಬಯೋಡೀಸೆಲ್ ಬೆರೆಸುವ ಗುರಿ ಇದೆ. ಎಲೆಕ್ಟ್ರಿಕ್ ಬಸ್ಸಿಗೆ ಸಿಗುವ ಗಮನದ ಹತ್ತನೇ ಒಂದು ಪಾಲು ಈ ಬೀಜಕ್ಕೆ ಸಿಕ್ಕರೂ ಸಾಕು. ಹೊಂಗೆ ಜಾಸ್ತಿ ಇರುವ ತಾಲ್ಲೂಕುಗಳಲ್ಲಿ ಹೋಬಳಿಗೊಂದು ಸಿಪ್ಪೆ ಬಿಡಿಸುವ ಯಂತ್ರ ಇಡಲಿ, ಆ ಮುದುಕಿಯರ ರಟ್ಟೆ ನೋವು ತಪ್ಪಲಿ. ಸ್ತ್ರೀಶಕ್ತಿ ಸಂಘಗಳ ಮೂಲಕ ಬೀಜ ಕೊಳ್ಳಲಿ, ಹಣ ಅವತ್ತೇ ಕೈಗೆ ಬರಲಿ. ರಾಗಿ, ಭತ್ತಕ್ಕೆ ಇರುವಂತೆ ಬೀಜಕ್ಕೂ ಒಂದು ಬೆಂಬಲ ಬೆಲೆ ಕಟ್ಟಲಿ. ಆ ಬೆಲೆಯನ್ನು ಸಂಕ್ರಾಂತಿಯೊಳಗೆ ಹೇಳಿಬಿಡಬೇಕು. ಕಾಯಿ ಉದುರಲು ಶುರುವಾದ ಮೇಲೆ ಆದೇಶ ಹೊರಡಿಸಿದರೆ ಆ ವರ್ಷದ ಬೀಜ ಮಣ್ಣುಪಾಲು.